ಹಂದಿಗೆ ಹಾಕಿದ ತಂತಿ

ಗೆಳೆಯ ಸತ್ತ ಮೂರನೇ ದಿನಕ್ಕೆ ಸೊರಬದ ಬಸ್‌ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸ್ ಎದ್ದಿತ್ತು. ಮೇಲೆ ಯೂನಿಫಾರ್ಮಿನಲ್ಲಿ ಅವನ ಫೋಟೊ. ‘ವೀರಯೋಧನಿಗೆ ಅಶ್ರುತರ್ಪಣ’ ಎಂದು ಕೆಂಪು ಅಕ್ಷರ. ಕೆಳಗೆ ಹತ್ತು ಹನ್ನೆರಡು ಜನರ ಫೋಟೊ, ಎಲ್ಲರೂ ಕೈ ಮುಗಿದಿದ್ದರು, ಅರ್ಧ ಜನ ನಗುತ್ತಿದ್ದರು. ಮದುವೆ ಮನೆಯಲ್ಲಿ ತೆಗೆಸಿಕೊಂಡ ಫೋಟೊಗಳಿರಬೇಕು. ಅವರ ನಡುವೆ, ಸತ್ತವನ ಮುಖದಷ್ಟೇ ದೊಡ್ಡದಾಗಿ, ಸತ್ತವನ ಹೆಂಡತಿಯ ಅಣ್ಣನ ಮುಖ.

ಗೆಳೆಯನನ್ನು ಕೊಂದವನು ಅದೇ ಮನುಷ್ಯ. ಗೆಳೆಯನ ಮಗಳಿಗೆ ಅವನು ಸೋದರಮಾವ. ನಾನೂ ಇಲ್ಲಿ ಅವನನ್ನು ಮಾವ ಎಂದೇ ಬರೆಯುತ್ತೇನೆ. ಹೆಸರು ಬರೆಯುವಷ್ಟು ಮರ್ಯಾದೆ ಕೊಡಲು ಮನಸ್ಸಿಲ್ಲ.

ಕೊಂದ ಎಂದರೆ ಕತ್ತಿ ಹಿಡಿದು ಬಂದ ಎಂದಲ್ಲ. ಅಂಥದ್ದಕ್ಕೆ ಎದುರು ನಿಲ್ಲಬೇಕಾಗುತ್ತದೆ. ನಮ್ಮ ಕಡೆ ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿ ನುಗ್ಗುತ್ತವೆ. ಕೆಲವರು ಹೊಲದ ಸುತ್ತ ಗೂಟ ನೆಟ್ಟು, ಮೊಣಕಾಲಿಗಿಂತ ಕೆಳಗೆ ಬರಿ ತಂತಿ ಎಳೆದು, ಸಂಜೆ ಅದಕ್ಕೆ ನೇರವಾಗಿ ಕರೆಂಟು ಕೊಡುತ್ತಾರೆ. ಬೆಳಿಗ್ಗೆ ಜನ ಏಳುವ ಮುಂಚೆ ತೆಗೆಯುತ್ತಾರೆ. ತಪ್ಪು ಎಂದು ಎಲ್ಲರಿಗೂ ಗೊತ್ತು. ಹಂದಿ ಸತ್ತರೆ ಊರಲ್ಲಿ ತಿನ್ನುವವರಿಗೆಲ್ಲ ಮಾಂಸದ ಪಾಲು ಹೋಗುವುದರಿಂದ ಯಾರೂ ಬಾಯಿ ಬಿಡುವುದಿಲ್ಲ. ಆ ಬೆಳಿಗ್ಗೆ ಮಾವ ತೆಗೆಯಲಿಲ್ಲ. ಹಿಂದಿನ ದಿನ ಯಾರದೋ ಮನೆಯ ನಿಶ್ಚಿತಾರ್ಥದಲ್ಲಿ ಹೊಟ್ಟೆ ಬಿರಿಯುವಂತೆ ತಿಂದು, ಮೇಲೆ ಕುಡಿದು, ಬಿಸಿಲು ಬರುವ ತನಕ ಮಲಗಿದ್ದ. ಸೈನ್ಯದಿಂದ ನಿವೃತ್ತನಾಗಿ ಊರಿಗೆ ಬಂದಿದ್ದ ನನ್ನ ಗೆಳೆಯನ ಎಮ್ಮೆಕರು ಹಗ್ಗ ಕಿತ್ತುಕೊಂಡು ಹೋಗಿತ್ತು. ಅದನ್ನು ಹುಡುಕುತ್ತಾ ಅವನು ಮಾವನ ಹೊಲದ ಬದುವಿಗೆ ಬಂದ.

ಎದ್ದು ಬಂದು ನೋಡಿದ ಮಾವ ಮೊದಲು ಮಾಡಿದ ಕೆಲಸ ಕರೆಂಟು ತೆಗೆದದ್ದು. ಎರಡನೆಯದು ತಂತಿ ಸುತ್ತಿಟ್ಟದ್ದು. ಮೂರನೆಯದು ಹೆಣವನ್ನು ಕಾಲುವೆ ದಂಡೆಗೆ ಎಳೆದು ಹಾಕಿದ್ದು. ಕೂಗಿದ್ದು ಆಮೇಲೆ.

ಇಷ್ಟೆಲ್ಲ ನನಗೆ ಪೂರ್ತಿ ತಿಳಿದದ್ದು ಒಂದು ವರ್ಷ ಕಳೆದ ಮೇಲೆ. ಆವತ್ತು ನನಗೆ ಸಿಕ್ಕಿದ್ದು ಒಂದು ಗೆರೆ ಮಾತ್ರ.

ನಾನಿರುವುದು ಶಿಕಾರಿಪುರದಲ್ಲಿ, ಅಕ್ಕನ ಮನೆಯಲ್ಲಿ. ಸುದ್ದಿ ಕೇಳಿ ಬಸ್ಸು ಹತ್ತಿ, ಸೊರಬದಲ್ಲಿ ಇನ್ನೊಂದು ಬಸ್ಸು ಹಿಡಿದು, ಕುಪ್ಪಗಡ್ಡೆ ದಾಟಿ ಅವನ ಊರು ಸೇರುವಾಗ ಹನ್ನೊಂದು ಗಂಟೆ. ಅವರ ಪೈಕಿಯಲ್ಲಿ ಸತ್ತವರನ್ನು ಕೂರಿಸಿ, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದು, ಜಗಲಿಯ ಮೇಲೆ ಕೂರಿಸಿದ್ದರು. ಅವನ ಕಾಲು ತೊಳೆಯಲು ನಾನು ಚೆಂಬು ತೆಗೆದುಕೊಂಡೆ.

‘ನೀವು ಯಾವ ಪೈಕಿ?’ ಎಂದು ಒಬ್ಬ ಹಿರಿಯ ಕೇಳಿದ. ಊರಿನ ಪಂಚಾಯ್ತಿಕೆಗಳಿಗೆಲ್ಲ ಇವನೇ ಮುಂದು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

‘ಕುರಿ ಸಾಕೋರು’ ಎಂದೆ.

‘ಹಂಗಾದ್ರೆ ನೀರು ಹಾಕಿ ಸಾಕು, ಮುಟ್ಟೋದು ನಮ್ಮೋರು ನೋಡ್ಕೋತಾರೆ.’

ಸೈನ್ಯದಲ್ಲಿ ಹದಿನೇಳು ವರ್ಷ ಒಂದೇ ಟೆಂಟಿನಲ್ಲಿ ಮಲಗಿದ್ದೆವು, ಒಂದೇ ತಟ್ಟೆಯಲ್ಲಿ ತಿಂದಿದ್ದೆವು. ನಾನು ಕಾಲು ಮುಟ್ಟಿಯೇ ತೊಳೆದೆ. ಎಡಗಾಲಿನ ಮುಂಗಾಲ ಮೂಳೆಗೆ ಅಡ್ಡಲಾಗಿ ದಾರದಷ್ಟು ಸಣ್ಣ ಕಪ್ಪು ಗೆರೆ ಇತ್ತು. ಎರಡು ಸಲ ತಿಕ್ಕಿದರೂ ಹೋಗಲಿಲ್ಲ.

‘ಹಾರ್ಟ್ ಅಟ್ಯಾಕು, ಮಿಲಿಟ್ರಿಯವ್ರೆ’ ಎಂದು ಮಾವ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವನ ಬಾಯಿ ಇನ್ನೂ ವಾಸನೆ ಹೊಡೆಯುತ್ತಿತ್ತು. ‘ನಿದ್ದೆ ಮಾಡ್ದಂಗೆ ಮಲಗಿದ್ರು ಭಾವ, ಕಾಲುವೆ ದಂಡೆ ಮೇಲೆ.’

‘ಈ ಗೆರೆ?’

‘ಮುಳ್ಳು ಗೀರಿರ್ಬೇಕು, ಮಾರಾಯ್ರೆ.’

ಅವನು ನನ್ನನ್ನು ನೋಡಲಿಲ್ಲ, ಹಿರಿಯನನ್ನು ನೋಡಿದ. ಹಿರಿಯ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋದ. ಆ ಗೆರೆ ಮಾವನ ಹಂದಿ ತಂತಿಯದು, ಅದು ಊರಿಗೆ ಊರೇ ಗೊತ್ತಿತ್ತು ಎಂದು ನನಗೆ ಅರ್ಥವಾದದ್ದು ಅಲ್ಲಿ.

‘ನೋಡ್ರೀ, ಹೋದವ ಹೋದ. ತಾಯಿ ಮೂರು ವರ್ಷದ ಹಿಂದೇನೇ ಹೋದ್ಳು. ಆ ಕೂಸಿಗೆ ಉಳಿದಿರೋದು ಒಬ್ಬ ಸೋದರಮಾವ. ಅವನನ್ನೂ ಒಳಗೆ ಹಾಕ್ಸಿದ್ರೆ ನಾಳೆ ಅದರ ಕಿವಿ ಚುಚ್ಚೋಕೆ ಮಡಿಲು ಕೊಡೋರು ಯಾರು? ಇನ್ನೂ ಕಿವಿ ಚುಚ್ಚಿಲ್ಲ ಅದಕ್ಕೆ. ನೀವು ಕೊಡ್ತೀರೇನು ಮಡಿಲು?’

ಹೆಣ ಜಗಲಿಯ ಮೇಲೆ ಕೂತಿರುವಾಗ ಈ ಮನುಷ್ಯ ಕಿವಿ ಚುಚ್ಚುವುದನ್ನು ಮಾತಾಡುತ್ತಿದ್ದ. ಕಿವಿ ಚುಚ್ಚುವಾಗ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಸೋದರಮಾವನ ಹಕ್ಕು, ನನಗೂ ಗೊತ್ತಿತ್ತು. ಮೊದಲು ಅಪ್ಪನಿಗೆ ರಜೆಯಿಲ್ಲದೆ, ಆಮೇಲೆ ಮಾವನಿಗೆ ಪುರುಸೊತ್ತಿಲ್ಲದೆ, ಮಗುವಿಗೆ ಆರು ವರ್ಷವಾದರೂ ಆ ಶಾಸ್ತ್ರ ಆಗಿರಲಿಲ್ಲ. ಎರಡು ಹನಿ ರಕ್ತದ ಆ ಶಾಸ್ತ್ರಕ್ಕೋಸ್ಕರ ಒಂದು ಜೀವವನ್ನು ಮುಚ್ಚಿ ಹಾಕಬಹುದು ಎಂದು ನನಗೆ ಗೊತ್ತಿರಲಿಲ್ಲ.

ಆವತ್ತೇ ಹೋಗಿ ದೂರು ಬರೆಸಬಹುದಿತ್ತು. ಬರೆಸಲಿಲ್ಲ. ಅವರಿಗೆ ಹೆದರಿ ಅಲ್ಲ. ನನಗೆ ದೂರು ಬೇಕಿರಲಿಲ್ಲ, ಅವನು ಬೇಕಿದ್ದ.

*

ಸೈನ್ಯದಲ್ಲಿ ನಮ್ಮಿಬ್ಬರದು ನೆಲಬಾಂಬು ತೆಗೆಯುವ ಕೆಲಸ. ಮೊಣಕಾಲೂರಿ, ಮಣ್ಣಿಗೆ ಓರೆಯಾಗಿ ಸರಳು ಚುಚ್ಚಿ ನೋಡುತ್ತಾ, ಸರಿಯಿದ್ದ ಜಾಗಕ್ಕೆ ಬಿಳಿ ಪಟ್ಟಿ ಎಳೆಯುತ್ತಾ ಮುಂದೆ ಹೋಗಬೇಕು. ಹಿಂದಿನವರು ಮುಂದಿನವನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡಬೇಕು. ಒಂದು ದಿನ ನಾನು ಸರಿಯಿದೆ ಎಂದು ಪಟ್ಟಿ ಎಳೆದ ಜಾಗದಲ್ಲಿ ನಮ್ಮವನೇ ಒಬ್ಬ ಕಾಲಿಟ್ಟ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ವಿಚಾರಣೆ ಮಾಡಿದವರು ನನ್ನ ತಪ್ಪಿಲ್ಲ ಎಂದು ಬರೆದುಕೊಟ್ಟರು. ಬಾಂಬು ಆಳದಲ್ಲಿತ್ತಂತೆ. ಅದಾದ ಮೇಲೆ ನಾನು ಹುಲ್ಲಿನ ಮೇಲೆ ನಡೆಯುವುದಿಲ್ಲ. ಸಿಮೆಂಟು ರಸ್ತೆ, ಡಾಂಬರು, ಇಲ್ಲವಾದರೆ ಯಾರಾದರೂ ತುಳಿದ ಜಾಗ. ಬಾಗಿಲಿಗೆ ಬೆನ್ನು ಕೊಟ್ಟು ಕೂರುವುದಿಲ್ಲ. ದೀಪಾವಳಿಗೆ ಅಕ್ಕ ನನ್ನನ್ನು ಕುರಿಗಳ ಜೊತೆ ಹೊಲಕ್ಕೆ ಕಳಿಸುತ್ತಾಳೆ. ಪಟಾಕಿಗೆ ಹೆದರುವುದರಲ್ಲಿ ಕುರಿಗೂ ನನಗೂ ವ್ಯತ್ಯಾಸವಿಲ್ಲ.

ಆ ದಿನಗಳಲ್ಲಿ ಎರಡು ತಿಂಗಳು ನನ್ನ ಮುಂದೆ ನಡೆದವನು ನನ್ನ ಗೆಳೆಯ. ‘ನೀನು ನೆಲ ನೋಡ್ಬೇಡ, ನನ್ನ ಹಿಮ್ಮಡಿ ನೋಡು’ ಎನ್ನುತ್ತಿದ್ದ. ಹಿಮ್ಮಡಿ ನೋಡುತ್ತಾ ನಾನು ಅಡುಗೆ ಟೆಂಟಿಗೆ, ಪಾಯಿಖಾನೆಗೆ, ಕೊನೆಗೆ ನಿವೃತ್ತಿಯ ತನಕ ನಡೆದೆ. ಅಷ್ಟು ಬಾಂಬುಗಳ ನಡುವಿಂದ ನನ್ನನ್ನು ಹೊರಗೆ ತಂದವನು ಹಂದಿಗೆ ಹಾಕಿದ ತಂತಿಗೆ ಸಿಕ್ಕಿದ. ಶತ್ರು ಕೂಡ ಬಾಂಬು ಹೂಳುವಾಗ ಒಂದು ನಕ್ಷೆ ಬರೆದಿಟ್ಟುಕೊಳ್ಳುತ್ತಾನೆ.

ನನ್ನನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದ ಮಗು ನನ್ನ ಹತ್ತಿರ ಬಂದದ್ದು ಗೆಳೆಯ ಸತ್ತು ತಿಂಗಳು ತುಂಬುವ ಮೊದಲೇ. ಮಾವನ ಹೆಂಡತಿ ಫೋನು ಮಾಡಿದ್ದಳು. ‘ಬೇರೆ ಮಾತೇ ಆಡಲ್ಲ, ಒಂದು ತುತ್ತು ತಿನ್ನಲ್ಲ, ದೊಡ್ಡಪ್ಪ ಬೇಕು ಅಂತದೆ. ಕರ್ಕೊಂಡು ಹೋಗಿ ಮಾರಾಯ್ರೆ.’ ಹೋದೆ. ಮಾವನ ಮುಖದಲ್ಲಿ ಬಾಡಿಗೆಯವರು ಮನೆ ಖಾಲಿ ಮಾಡಿದಷ್ಟು ನೆಮ್ಮದಿ. ಹೊರಡುವಾಗ ಮಾತ್ರ ನಾಲ್ಕು ಜನರ ಎದುರು ಗಟ್ಟಿಯಾಗಿ ಹೇಳಿದ: ‘ವರ್ಷ ತುಂಬ್ಲಿ, ಆಮೇಲೆ ಕಿವಿ ಚುಚ್ಚೋಕೆ ಇಲ್ಲಿಗೇ ಕರ್ಕೊಂಡು ಬರ್ಬೇಕು. ನನ್ನ ತಂಗಿ ಮಗಳು, ನನ್ನ ಮಡಿಲಲ್ಲೇ ಆಗ್ಬೇಕು.’ ಸಾವಾದ ಮನೆಯಲ್ಲಿ ವರ್ಷದ ತನಕ ಶುಭಕಾರ್ಯ ಮಾಡುವಂತಿಲ್ಲ. ವರ್ಷ ನನಗೂ ಬೇಕಿತ್ತು.

ಬಸ್‌ಸ್ಟ್ಯಾಂಡಿಗೆ ಗದ್ದೆ ಬದುವಿನ ಮೇಲೆ ಹೋಗುವಾಗ ಹಿಂದೆ ತಿರುಗಿ ನೋಡಿದೆ. ಮಗು ಲಂಗ ಎತ್ತಿ ಹಿಡಿದು, ನನ್ನ ಒಂದೊಂದು ಹೆಜ್ಜೆ ಗುರುತಿನ ಮೇಲೂ ಹಾರಿ ಹಾರಿ ಕಾಲಿಡುತ್ತಿತ್ತು.

‘ಯಾರು ಹೇಳಿಕೊಟ್ಟಿದ್ದು?’

‘ಅಪ್ಪ. ಗುರುತು ತಪ್ಪಿದ್ರೆ ಔಟು. ರುಕ್ ಅಂದ್ರೆ ಕಾಲು ಎಲ್ಲಿದೆಯೋ ಅಲ್ಲೇ.’

ಅವನ ಆಟ ಅದು. ಸೈನ್ಯದಲ್ಲಿ ನಿಲ್ಲು ಎನ್ನಲು ಬಳಸುತ್ತಿದ್ದ ಆ ಹಿಂದಿ ಮಾತಿಗೆ ನನ್ನ ಕಾಲು ಈಗಲೂ ನಿಲ್ಲುತ್ತದೆ. ಅವಳು ಯಾರ ಹಿಂದೆ ನಡೆದರೂ ಹೀಗೇ ನಡೆಯುತ್ತಿದ್ದಳು. ಅಕ್ಕನ ಹಿಂದೆ, ಕುರಿಗಳ ಹಿಂದೆ ಕೂಡ.

ಅಕ್ಕ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಾ, ಬೈಯುತ್ತಾ, ಊಟ ಮಾಡಿಸಿದಳು. ಮಾತು ತಾನಾಗಿ ಬಂತು. ಶಾಲೆಗೆ ಸೇರಿದಳು. ಅಲ್ಲಿ ಹುಡುಗಿಯರು ‘ಬೋಳು ಕಿವಿ’ ಎಂದು ಅಣಕಿಸಿದರಂತೆ. ದಿನಾ ಕನ್ನಡಿಯ ಮುಂದೆ ನಿಂತು, ಕಡಲೆ ಬೇಳೆಯನ್ನು ಕಿವಿಗೆ ಒತ್ತಿ ಹಿಡಿದು ನೋಡಿಕೊಳ್ಳುತ್ತಿದ್ದಳು. ‘ದೊಡ್ಡಪ್ಪ, ಕೆಂಪು ಹರಳಿನ ಓಲೆ. ಯಾವಾಗ?’

‘ವರ್ಷ ತುಂಬಲಿ’ ಎನ್ನುತ್ತಿದ್ದೆ. ನಾವಿಬ್ಬರೂ ಒಂದೇ ದಿನಕ್ಕೆ ಕಾಯುತ್ತಿದ್ದೆವು. ಅವಳು ಓಲೆಗೆ, ನಾನು ಅವಳ ಮಾವನಿಗೆ.

*

ನಾನು ಒಂದು ಜೋಳದ ಗೋದಾಮಿನ ಗೇಟು ಕಾಯುತ್ತೇನೆ. ವಾರದ ರಜೆಯ ದಿನ ಸೊರಬದ ಬಸ್ಸು ಹತ್ತುತ್ತಿದ್ದೆ.

‘ಏನಲೇ, ವಾರಾ ವಾರಾ ಸೊರಬಕ್ಕ ಹೊಂಟೀಯಲ್ಲ, ಹೆಣ್ಣು ಗಿಣ್ಣು ನೋಡೀಯೇನು?’ ಎಂದು ಅಕ್ಕ ಕೇಳಿದಳು.

‘ಈ ವಯಸ್ಸಿಗಾ?’

‘ಟಗರು ಕೊಳ್ಳಾಕ ಬಂದೋರು ಹಲ್ಲು ಹಿಡಿದು ನೋಡ್ತಾರ. ನಿನ್ನ ಬಾಯಾಗ ಹಲ್ಲೂ ಇಲ್ಲ, ಮಾತೂ ಇಲ್ಲ. ಯಾವಳು ಬರ್ತಾಳ ಬಿಡು.’

ಒಬ್ಬ ಮನುಷ್ಯ ಎಲ್ಲಿ ಕಾಲಿಡುತ್ತಾನೆ ಎಂದು ಊಹಿಸುವುದು ಹದಿನೇಳು ವರ್ಷ ನನ್ನ ಕೆಲಸವಾಗಿತ್ತು. ಮಾವನ ಊರಿನ ಕಾಲುವೆ ದಂಡೆಯ ಮರೆಯಲ್ಲಿ ಕೂತು ನೋಡಿದೆ, ಅವನ ವಿಷಯದಲ್ಲಿ ಅದು ಸುಲಭವಾಗಿತ್ತು. ಅಷ್ಟು ಸೋಮಾರಿ ಮನುಷ್ಯ ದಿನಾ ಒಂದೇ ದಾರಿಯಲ್ಲಿ ನಡೆಯುತ್ತಾನೆ. ಮಧ್ಯಾಹ್ನ ತ್ರೀಫೇಸ್ ಕರೆಂಟು ಬಂದ ಕೂಡಲೇ ಹಿತ್ತಲಲ್ಲಿ ಚಪ್ಪಲಿ ಬಿಟ್ಟು, ಬದುವಿನ ಮೇಲೆ ನಡೆದು, ಮೋಟಾರಿನ ಶೆಡ್ಡಿಗೆ ಹೋಗುತ್ತಿದ್ದ. ಪೈಪು ಸೋರಿ ಶೆಡ್ಡಿನ ಮುಂದೆ ಯಾವಾಗಲೂ ಕೆಸರು, ಹುಲ್ಲು. ಅದನ್ನು ರಿಪೇರಿ ಮಾಡಿಸಲೂ ಅವನಿಗೆ ಮೈ ಬಗ್ಗುತ್ತಿರಲಿಲ್ಲ. ಶೆಡ್ಡಿನ ಬೀಗದ ಕೈ ಅವನ ಉಡುದಾರದಲ್ಲಿ. ಬೇರೆ ಯಾರನ್ನೂ ಮೋಟಾರು ಮುಟ್ಟಲು ಬಿಡುತ್ತಿರಲಿಲ್ಲ. ಅಂದರೆ ಆ ಕೆಸರಿನಲ್ಲಿ ದಿನಾ ಬೀಳುವುದು ಒಂದೇ ಜೊತೆ ಹೆಜ್ಜೆ.

ವರ್ಷ ತುಂಬುತ್ತಾ ಬಂದಾಗ ಮತ್ತೆ ಮೆಕ್ಕೆಜೋಳ ತೆನೆ ಕಟ್ಟಿತ್ತು. ಬದುವಿನ ಮೇಲೆ ನಿಂತು ನೋಡಿದೆ. ಹೊಲದ ಸುತ್ತ ಹೊಸ ಗೂಟ. ಗೂಟಕ್ಕೆ ಹಳೆಯ, ತುಕ್ಕು ಹಿಡಿದ, ಅಲ್ಲಲ್ಲಿ ಗಂಟು ಹಾಕಿದ ತಂತಿ. ತಂಗಿಯ ಗಂಡನನ್ನು ಸುಟ್ಟ ತಂತಿಯನ್ನು ಆ ಮನುಷ್ಯ ಎಸೆದಿರಲಿಲ್ಲ, ಹೂತಿರಲಿಲ್ಲ. ಅಟ್ಟದಲ್ಲಿಟ್ಟು ಮರು ವರ್ಷ ತೆಗೆದು ಕಟ್ಟಿದ್ದ. ಅವನಿಗೆ ಅದರಲ್ಲಿ ಏನೂ ಅನಿಸಿರಲಿಕ್ಕಿಲ್ಲ. ನನಗಿದ್ದ ಕೊನೆಯ ಅನುಮಾನವೂ ಅಲ್ಲಿಗೆ ಹೋಯಿತು. ಇಂಥವನಿಗೆ ಬುದ್ಧಿ ಹೇಳುವುದು ಬರಿ ಉಸಿರು ದಂಡ.

ಕಿವಿ ಚುಚ್ಚುವ ದಿನ ಅಕ್ಕನಿಗೆ ಜ್ವರ. ನಾನೂ ಮಗುವೂ ಮೊದಲ ಬಸ್ಸಿಗೆ ಹೋದೆವು. ಹೊಸ ಕೆಂಪು ಲಂಗ, ಕೈಯಲ್ಲಿ ಹರಳಿನ ಓಲೆಯ ಪುಟ್ಟ ಡಬ್ಬಿ. ದಾರಿಯುದ್ದಕ್ಕೂ ಅದನ್ನು ತೆಗೆದು ನೋಡಿ ಮುಚ್ಚುತ್ತಿದ್ದಳು. ಅವಳು ನನ್ನ ತೊಡೆಯ ಮೇಲೆ ಕಾಲು ಹಾಕಿ ಕೂತಿರುವಾಗಲೂ ನಾನು ಕರೆಂಟು ಬರುವ ಹೊತ್ತನ್ನೇ ಲೆಕ್ಕ ಹಾಕುತ್ತಿದ್ದೆ.

ಎಲ್ಲರೂ ಚಪ್ಪರದಡಿ ಉಪ್ಪಿಟ್ಟು ತಿನ್ನುತ್ತಿದ್ದಾಗ, ಕರೆಂಟು ಇಲ್ಲದ ಹೊತ್ತಿನಲ್ಲಿ, ನಾನು ಹೊಲದ ಕಡೆ ಹೋದೆ. ಆ ತಂತಿಯದೇ ಒಂದು ತುಂಡು ಬಿಚ್ಚಿ, ಶೆಡ್ಡಿನ ಮುಂದಿನ ಹುಲ್ಲಿನಲ್ಲಿ ಮಾಡಬೇಕಾದ್ದನ್ನು ಮಾಡಿದೆ. ಹೇಗೆ ಎಂದು ಬರೆಯುವುದಿಲ್ಲ. ಬಾಂಬು ತೆಗೆಯಲು ಕಲಿತ ನನ್ನ ಕೈ ಆಗ ಒಂದು ಸಲವೂ ತಪ್ಪಲಿಲ್ಲ. ಅದನ್ನು ನೆನೆದರೆ ಈಗ ನನ್ನ ಮೇಲೇ ಅಸಹ್ಯವಾಗುತ್ತದೆ.

ವಾಪಸು ಬಂದಾಗ ಅಕ್ಕಸಾಲಿ ಸೂಜಿಗೆ ಎಣ್ಣೆ ಸವರುತ್ತಿದ್ದ. ಮಾವ ಹೊಸ ಪಂಚೆಯುಟ್ಟು ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಮಗುವನ್ನು ಅವನ ಮಡಿಲಿಗೆ ಕೊಟ್ಟವನು ನಾನೇ. ಅವನ ಕೈ ಅವಳ ಹೊಟ್ಟೆಯನ್ನು ಬಳಸಿ ಹಿಡಿಯಿತು. ಇದೇ ಕೈ ಅವಳ ಅಪ್ಪನನ್ನು ಕಾಲುವೆಗೆ ಎಳೆದದ್ದು.

‘ಬಿಗಿ ಹಿಡ್ಕಳೋ, ಒದ್ದಾಳು’ ಎಂದಳು ಒಬ್ಬ ಮುದುಕಿ.

‘ಮಿಲಿಟ್ರಿಯವನ ಮಗಳಜ್ಜಿ, ಒದಿಯಲ್ಲ, ಗುಂಡು ಹೊಡಿತಾಳೆ!’ ಎಂದ ಮಾವ. ಎಲ್ಲರೂ ನಕ್ಕರು.

ಮೊದಲ ಕಿವಿಗೆ ಅವಳು ಅಳಲಿಲ್ಲ. ಎರಡನೆಯದಕ್ಕೆ ಕಿರುಚಿದಳು. ಮಾವ ಬಾಯಿಗೆ ಬೆಲ್ಲ ಇಟ್ಟ. ಎಲ್ಲರೂ ಎಲೆಯ ಮುಂದೆ ಕೂತೆವು. ಎರಡು ಪೆನ್ನಿನ ಹಿರಿಯ ನನ್ನ ಪಕ್ಕದಲ್ಲಿ. ‘ನೋಡಿದ್ರಾ? ಆವತ್ತು ನನ್ನ ಮಾತು ಕೇಳಿದ್ದಕ್ಕೆ ಇವತ್ತು ಮಗು ಮಾವನ ಮಡಿಲಲ್ಲಿ ಕೂತ್ಕಂತು. ಹಿಡ್ಕಂಡು ಎಳೆದ್ರೆ ಹರಿತದೆ, ಬಿಟ್ರೆ ಉಳಿತದೆ’ ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ಅವನ ಗಂಟಲಿನಲ್ಲಿ ಹೋಳಿಗೆ ಇಳಿಯುವುದನ್ನೇ ನೋಡುತ್ತಿದ್ದೆ. ಚಪ್ಪರದ ಬಲ್ಬು ಹತ್ತಿತು. ಕರೆಂಟು ಬಂದಿತ್ತು.

ಎಣಿಸಿದಂತೆ ಮಾವ ಹಿತ್ತಲಿನ ಕಡೆ ಹೋದ ಸದ್ದು ಕೇಳಿತು. ನಾನು ತಲೆ ಎತ್ತಲಿಲ್ಲ. ತುತ್ತು ಕಲಸುತ್ತಿದ್ದೆ.

‘ಮಗು ಎಲ್ಲಿ ಕಾಣಲ್ಲ? ಪಾಯಸ ಹಾಕ್ಬೇಕಿತ್ತು’ ಎಂದಳು ಬಡಿಸುತ್ತಿದ್ದ ಮಾವನ ಹೆಂಡತಿ. ತಾನೇ ಉತ್ತರ ಹೇಳಿದಳು: ‘ಓ, ಅಳ್ತಿತ್ತಲ್ಲ, ಮೋಟಾರು ನೀರು ತೋರಿಸ್ತೀನಿ ಬಾ ಅಂತ ಕರ್ಕೊಂಡು ಹೋದ್ರು.’

ಎಲೆ ದಾಟಿ ಓಡಿದೆ. ಹಿತ್ತಲಿನಿಂದ ನೋಡಿದರೆ ಮಾವ ಶೆಡ್ಡಿಗೆ ಹತ್ತು ಮಾರು ದೂರದಲ್ಲಿದ್ದ. ಅವನ ಹಿಂದೆ ಕೆಂಪು ಲಂಗ. ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದು, ತಲೆ ಬಗ್ಗಿಸಿ, ಅವನ ಹೆಜ್ಜೆ ಗುರುತಿನ ಮೇಲೆ ಗುರುತು ತಪ್ಪದಂತೆ ಕಾಲಿಡುತ್ತಿದ್ದಳು. ಅಪ್ಪ ಕಲಿಸಿದ ಹಾಗೆ.

‘ರುಕ್!’

ಅವಳು ನಿಂತಳು. ಒಂದು ಕಾಲು ಎತ್ತಿದ್ದು ಎತ್ತಿದ ಹಾಗೇ ಇತ್ತು.

ಮಾವ ನಿಲ್ಲಲಿಲ್ಲ. ತಿರುಗಿ ನೋಡಿ, ನಾನು ಓಡಿ ಬರುವುದನ್ನು ಕಂಡು, ಹೆದರಿ ಇನ್ನೂ ಬೇಗ ಬೇಗ ಶೆಡ್ಡಿನ ಕಡೆ ಹೆಜ್ಜೆ ಹಾಕಿದ. ಇನ್ನು ನಾಲ್ಕು ಹೆಜ್ಜೆ. ಮಗು ಎಲ್ಲಿ ನಿಂತಿತ್ತೋ ಅಲ್ಲಿಗೆ ಏನೂ ಆಗುತ್ತಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಅವಳು ನೋಡುತ್ತಿದ್ದಳು. ಅವನು ಬಿದ್ದರೆ ಓಡಿ ಹೋಗಿ ಮುಟ್ಟಿಬಿಡುವ ವಯಸ್ಸು ಅವಳದು.

‘ನಿಲ್ಲಲೇ ಹಂದಿ! ಮುಂದೆ ತಂತಿ ಐತಿ!’

ತಂತಿ ಎಂಬ ಮಾತಿಗೆ ಅವನು ನಿಂತ. ನಿಂತವನು ಅಲ್ಲೇ ಕೆಸರಿನಲ್ಲಿ ಮೊಣಕಾಲೂರಿದ. ಹೊಸ ಪಂಚೆ ಮುಂದೆಲ್ಲ ಒದ್ದೆಯಾಯಿತು. ಕೆಸರಿನಿಂದಲ್ಲ.

‘ಬೇಕಂತ ಮಾಡ್ಲಿಲ್ಲ ಮಿಲಿಟ್ರಿಯವ್ರೆ! ಬೆಳಿಗ್ಗೆ ತೆಗಿಯೋದು ಮರ್ತೆ. ಮಲಗಿಬಿಟ್ಟಿದ್ದೆ. ಬಂದು ನೋಡಿದ್ರೆ ಭಾವ ತಂತಿ ಮೇಲೆ… ನಾನೊಬ್ನೇ ಎಳ್ದೆ ಕಾಲುವೆ ತನ್ಕ. ಮಗು ಮುಂದೆ ಹೊಡೀಬೇಡಿ. ನನಗೂ ಮಕ್ಕಳಿದಾವೆ.’

ನಾನು ಅವನಿಂದ ಏನೂ ಕೇಳಿರಲಿಲ್ಲ. ವರ್ಷವಿಡೀ ನನ್ನ ತಲೆಯಲ್ಲಿ ದೊಡ್ಡ ಶತ್ರುವಾಗಿ ಬೆಳೆದಿದ್ದವನು ಹೀಗೆ ಮೂಗು ಸೋರಿಸುತ್ತಾ, ಕೇಳದೇ ಎಲ್ಲ ಕಕ್ಕುತ್ತಾ, ಕೊನೆಗೆ ಮಗುವಿನ ಹೆಸರಿನ ಹಿಂದೆ ಅವಿತುಕೊಂಡ. ಇಂಥವನಿಗೋಸ್ಕರ ನಾನು ಎಷ್ಟು ಬಸ್ಸು ಹತ್ತಿದ್ದೆ, ಎಷ್ಟು ನಿದ್ದೆ ಕೆಟ್ಟಿದ್ದೆ. ಹೊಡೆಯಲು ಕೂಡ ಮನಸ್ಸು ಬರಲಿಲ್ಲ. ಒಣಗಿದ ಬಿದಿರು ಗಳ ತಂದು, ನಾನು ಹಾಕಿದ ತಂತಿಯನ್ನು ದೂರ ನಿಂತು ತಪ್ಪಿಸಿದೆ. ಮಗು ಇನ್ನೂ ಒಂದು ಕಾಲಿನ ಮೇಲೆ ನಿಂತಿದ್ದಳು. ‘ಬಿಡು ಪುಟ್ಟಿ, ಆಟ ಮುಗೀತು’ ಎಂದೆ. ಆಗ ಕಾಲು ಕೆಳಗಿಟ್ಟಳು.

ಅಷ್ಟರಲ್ಲಿ ಹಿರಿಯನೂ ಇನ್ನಿಬ್ಬರೂ ಎಂಜಲು ಕೈಯಲ್ಲೇ ಬಂದಿದ್ದರು. ಮಾವ ಹುಲ್ಲು ನೋಡಿದ, ಗಳ ನೋಡಿದ, ನನ್ನನ್ನು ನೋಡಿದ. ಅವನಿಗೆ ನಿಧಾನವಾಗಿ ಹೊಳೆಯಿತು.

‘ಇಲ್ಲಿ ನಾನು ತಂತಿ ಹಾಕಿರ್ಲಿಲ್ಲ’ ಎಂದ.

ಹಿರಿಯ ನನ್ನ ಹತ್ತಿರ ಬಂದು, ತುಪ್ಪದ ವಾಸನೆಯ ಬಾಯಿಂದ ಮೆಲ್ಲಗೆ ಹೇಳಿದ: ‘ಸರಿ ಹೋಯ್ತಲ್ರೀ. ಇವನದು ನೀವು ಕೇಳಿಲ್ಲ, ನಿಮ್ಮದು ನಾವು ನೋಡಿಲ್ಲ. ನೀವು ಬಾಯಿ ಬಿಟ್ರೆ ನಾವೂ ಬಿಡ್ಬೇಕಾಗ್ತದೆ. ಆಮೇಲೆ ಕೂಸು ಇವನ ಮನೇಗೇ ಬರೋದು. ಯೋಚ್ನೆ ಮಾಡಿ. ಏಳ್ರಿ, ಪಾಯಸ ಆರ್ತದೆ.’

ಒಂದು ವರ್ಷ ಇವರ ರಾಜಿಯ ಮೇಲೆ ನಾನು ಮನಸ್ಸಿನಲ್ಲೇ ಉಗುಳುತ್ತಾ ಬಂದಿದ್ದೆ. ಈಗ ಮಗುವಿನ ಕಡೆ ನೋಡಿದೆ. ಕಿವಿಯ ಅಂಚಿನಲ್ಲಿ ಒಣಗಿದ ರಕ್ತ, ಕೆಂಪು ಹರಳು. ನಾನು ಒಂದೇ ಮಾತು ಕೇಳಿದೆ: ಹೊಲದ ಸುತ್ತಲಿನ ತಂತಿ ಪೂರ್ತಿ ಬಿಚ್ಚಿ ನನಗೆ ಕೊಡಬೇಕು, ಮತ್ತೆ ಅಲ್ಲಿ ತಂತಿ ಕಟ್ಟಬಾರದು. ‘ಅದೆಂತ ಮಹಾ’ ಎಂದ ಹಿರಿಯ. ಅವರು ಬಿಚ್ಚಲಿಲ್ಲ, ನಾನೇ ಬಿಚ್ಚಿದೆ. ಆಮೇಲೆ ಕೈ ತೊಳೆದು, ಎಲೆಯ ಮುಂದೆ ಕೂತು ಪಾಯಸ ತಿಂದೆ. ತಿಂದೆ ಎಂಬುದನ್ನೂ ಬರೆಯಬೇಕು.

*

ಸೊರಬದಿಂದ ಶಿಕಾರಿಪುರದ ಬಸ್ಸಿನಲ್ಲಿ ತಂತಿಯ ಸುರುಳಿ ಗೋಣಿಚೀಲದಲ್ಲಿ ಕಾಲ ಬುಡದಲ್ಲಿತ್ತು. ಮಗು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಓಲೆಯನ್ನು ಮುಟ್ಟಿಕೊಳ್ಳುತ್ತಿರಲಿಲ್ಲ.

‘ದೊಡ್ಡಪ್ಪ, ಅಪ್ಪ ಸತ್ತಿದ್ದು ಇದೇ ತಂತೀಲಾ?’

‘ಹೌದು.’

‘ಮಾವ ಹಾಕಿದ್ದಾ?’

‘ಹೌದು. ಹಂದಿಗೆ.’

ಇನ್ನೊಂದು ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಕಂಡಕ್ಟರ್ ಬರಲಿ, ಅವಳಿಗೆ ನಿದ್ದೆ ಬರಲಿ ಎಂದು ಕಾದೆ.

‘ಇವತ್ತಿಂದು ಯಾರು ಹಾಕಿದ್ದು?’

ಮುಳ್ಳು ಗೀರಿತು ಎಂದಂತೆ ನಾನೂ ಏನಾದರೂ ಹೇಳಬಹುದಿತ್ತು. ಬಾಯಿ ತುದಿಗೆ ಬಂದಿತ್ತು ಕೂಡ. ಆ ಹೊತ್ತಿಗೆ ಮಾವನ ಮುಖ ನೆನಪಾಯಿತು, ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೇರೆ ಕಡೆ ನೋಡುತ್ತಿದ್ದ ಮುಖ.

‘ನಾನು’ ಎಂದೆ.

‘ಹಂದಿಗಾ?’

‘ಅಲ್ಲ. ನಿನ್ನ ಮಾವನಿಗೆ.’

ಅವಳು ಅಳಲಿಲ್ಲ. ಕಾಲನ್ನು ಮೇಲೆತ್ತಿ, ಗೋಣಿಚೀಲಕ್ಕೆ ತಾಗದಂತೆ ಸೀಟಿನ ಮೇಲೆ ಮಡಚಿ ಕೂತಳು. ಊರು ಬರುವ ತನಕ ಹಾಗೇ ಇದ್ದಳು.

ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ಅಕ್ಕ ಇಬ್ಬರನ್ನೂ ನೋಡಿ, ‘ಏನು ಮಾಡಿಬಂದ್ಯಲೇ, ಕೂಸು ನಿನ್ನ ಮುಖಾನೂ ನೋಡವಲ್ದು’ ಎಂದಳು. ಹೇಳಿದೆ. ಅಕ್ಕ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಒಲೆಗೆ ಕಟ್ಟಿಗೆ ತಳ್ಳುತ್ತಾ, ‘ಆ ಊರಾಗ ಅಷ್ಟು ಜನ ಹೊಲಸು ತಿನ್ನೋರು ಇದ್ದರಲ್ಲ, ನಿನಗೂ ಒಂದು ಎಲೆ ಹಾಕಿಸ್ಕೊಂಡು ಬಂದಿ’ ಎಂದಳು.

ಒಂಬತ್ತನೆಯ ದಿನ ಶಾಲೆಯಿಂದ ಬಂದ ಮಗು ಹಿತ್ತಲಿನ ಗೋಣಿಚೀಲ ತೋರಿಸಿ, ‘ಅದನ್ನ ತುಂಡು ಮಾಡು’ ಎಂದಳು.

ಕಟಿಂಗ್ ಪ್ಲೇಯರ್ ತಂದು ಕೂತೆ. ಬೆರಳುದ್ದ ತುಂಡು ಮಾಡಿದರೆ, ‘ಇನ್ನೂ ಸಣ್ಣ’ ಎಂದಳು. ಯಾರೂ ಮತ್ತೆ ಗಂಟು ಹಾಕಲಾಗದಷ್ಟು ಸಣ್ಣದಾಗುವ ತನಕ ಎದ್ದು ಹೋಗಲಿಲ್ಲ. ಕುರಿಗಳ ಕಾಲಿಗೆ ಚುಚ್ಚದಂತೆ ತುಂಡುಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಹಳೆಯ ಎಣ್ಣೆ ಡಬ್ಬಕ್ಕೆ ಹಾಕಿದಳು. ಎರಡು ಸಲ ಬೆರಳು ಕುಯ್ದುಕೊಂಡೆ. ಅವಳು ನೋಡಿದಳು, ಮುಂದಿನ ತುಂಡು ಹೆಕ್ಕಿದಳು. ಕತ್ತಲಾಗುವ ಮುಂಚೆ ಮುಗಿಯಿತು.

ನಾನು ದೂರು ಕೊಟ್ಟಿಲ್ಲ. ಕೊಟ್ಟರೆ ಅವರು ನನ್ನದನ್ನು ಹೇಳುತ್ತಾರೆ, ಮಗು ಆ ಮನೆಗೆ ಹೋಗುತ್ತದೆ. ಮಾವ ಆರಾಮಾಗಿದ್ದಾನೆ. ಈ ಸಲ ಹೊಲದ ಸುತ್ತ ಬರಿ ಗೂಟಗಳಿವೆ ಎಂದು ಕೇಳಿದೆ. ಗೆಳೆಯನ ವರ್ಷದ ಫ್ಲೆಕ್ಸ್‌ನಲ್ಲಿ ಅವನ ಮುಖ ಇನ್ನಷ್ಟು ದೊಡ್ಡದಾಗಿತ್ತು. ಎರಡು ಪೆನ್ನಿನ ಹಿರಿಯನೂ ಪಕ್ಕದಲ್ಲಿದ್ದ. ಅವರ ಬಗ್ಗೆ ನನಗಿದ್ದ ತಿರಸ್ಕಾರ ಒಂದು ಚೂರೂ ಕಡಿಮೆಯಾಗಿಲ್ಲ. ಅದರಲ್ಲಿ ನನಗೂ ಒಂದು ಜಾಗ ಸಿಕ್ಕಿದೆ, ಅಷ್ಟೆ. ಫ್ಲೆಕ್ಸ್‌ನಲ್ಲಿ ನನ್ನ ಫೋಟೊ ಇಲ್ಲದಿರುವುದು ಅವರ ಮರೆವು.

ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಖಾಲಿ ಸೈಟು ದಾಟಬೇಕು, ತುಂಬಾ ಹುಲ್ಲು ಬೆಳೆದಿದೆ. ಮೊದಲು ನಾನು ಅದರ ಅಂಚಿನ ಕಲ್ಲುಗಳ ಮೇಲೆ ಸುತ್ತು ಹಾಕಿ ಹೋಗುತ್ತಿದ್ದೆ, ಅವಳು ನನ್ನ ಹೆಜ್ಜೆಯ ಮೇಲೆ ಬರುತ್ತಿದ್ದಳು. ಈಗ ಯಾರ ಹಿಂದೆಯೂ ನಡೆಯುವುದಿಲ್ಲ. ಚೀಲ ಬೆನ್ನಿಗೆ ಹಾಕಿ, ಹುಲ್ಲಿನ ನಡುವೆ ನೇರವಾಗಿ ತಾನೇ ಮುಂದೆ ಹೋಗುತ್ತಾಳೆ. ಹೋಗಿ, ಆ ಕಡೆಯ ರಸ್ತೆಯ ಮೇಲೆ ನಿಂತು, ತಿರುಗಿ ನೋಡುತ್ತಾಳೆ. ಬಾ ಎನ್ನುವುದಿಲ್ಲ. ನಾನು ಬರುವ ತನಕ ಕಾಯುತ್ತಾಳೆ.